ಹಿಂದಕ್ಕೆ ಹೊರಟ ಟ್ರಾಮು

ಸ್ವಿಚ್ಚು ಒತ್ತಿದ್ದೇ ತಡ, ಮರದ ಟ್ರಾಮು ಅಕ್ಕನ ಕಡೆಗೆ ಬರುವುದು ಬಿಟ್ಟು ಹಿಂದುಹಿಂದಕ್ಕೆ ಓಡಿತು. ಮೇಜಿನ ಮೇಲೆ ಹಾಸಿದ್ದ ಹಳಿ ಮುಗಿದಲ್ಲಿ ಗೋಡೆಗೆ ಬೆನ್ನು ಗುದ್ದಿ, ಹಟಮಾರಿ ಹೋರಿಯ ಹಾಗೆ ಅಲ್ಲೇ ಗುರ್ ಅನ್ನತೊಡಗಿತು. ಟ್ರಾಮು ಡಿಪೋದ ಕ್ಯಾಂಟೀನಿನಲ್ಲಿ ನೆರೆದಿದ್ದವರ ಚಪ್ಪಾಳೆ ಅರ್ಧಕ್ಕೇ ನಿಂತಿತು. ಅವಳ ತಮ್ಮ, ಸೈಕಲ್ ರಿಪೇರಿಯವನು, ಸ್ವಿಚ್ಚು ಆರಿಸಿದ.

"ಮೊದ್ಲು ರಿವರ್ಸು ತೋರಿಸ್ದೆ," ಅಂದ.

"ಆಯ್ತು, ಈಗ ಮುಂದಕ್ಕೆ ತೋರಿಸು ಪಂಚರಣ್ಣ," ಅಂದ ಡಿಪೋದ ಮೆಕ್ಯಾನಿಕ್, ಕೈ ಕಟ್ಟಿಕೊಂಡು. ಆ ಪುಟ್ಟ ಹಳಿ ಮಾಡಿಕೊಟ್ಟವನು ಅವನೇ.

ಮೂವತ್ತೊಂದು ವರ್ಷ ಟ್ರಾಮು ಓಡಿಸಿದ ಅಕ್ಕ ಆಗಷ್ಟೇ ನೌಕರಿಯ ಕೊನೆಯ ಟ್ರಿಪ್ಪು ಮುಗಿಸಿ, ಯೂನಿಫಾರಮ್ಮಿನಲ್ಲೇ ಬಂದು ಮೇಜಿನ ಆ ತುದಿಗೆ ಕೂತಿದ್ದಳು. ಅವಳಿಗೆ ಕೊಡಲೆಂದೇ ತಮ್ಮ ಆರು ತಿಂಗಳಿಂದ ಈ ಟ್ರಾಮು ಜೋಡಿಸಿದ್ದ. ಜೋಡಿಸಿದ್ದಕ್ಕಿಂತ ಹೆಚ್ಚು ಅದರ ಕಥೆ ಹೇಳಿದ್ದ. ಅಂಗಡಿಯಿಂದ ಕೊಂಡು ತಂದ ಡಬ್ಬಿಯಲ್ಲಿದ್ದ ಮುನ್ನೂರು ಬಿಡಿ ಮರದ ತುಂಡು ಅವನ ಬಾಯಲ್ಲಿ ಮೂರು ಸಾವಿರವಾಗಿತ್ತು. ಒಂದು ತುಂಡನ್ನಂತೂ ಇರುವೆ ಎತ್ತಿಕೊಂಡು ಹೋಗಿತ್ತು, ಇವನು ಎರಡು ಬೀದಿ ಅಟ್ಟಿಸಿಕೊಂಡು ಹೋಗಿ ತಂದಿದ್ದನಂತೆ. ಆಟದ ಕಾರಿನಿಂದ ಕಿತ್ತು ಹಾಕಿದ ಮೋಟಾರು ಎಂಥ ಜೋರಿನದೆಂದರೆ, ರಾತ್ರಿ ಅದನ್ನು ಮಂಚದ ಕಾಲಿಗೆ ಕಟ್ಟಬೇಕಿತ್ತಂತೆ. ಡಿಪೋದವರು ನಕ್ಕಾಗಲೆಲ್ಲ ಅಕ್ಕ ಒಂದೇ ಮಾತು ಹೇಳಿದ್ದಳು: "ನನ್ನ ತಮ್ಮ ಮಾಡ್ತೀನಿ ಅಂದ್ರೆ ಮಾಡ್ತಾನೆ." ಅವಳ ಅಡುಗೆಮನೆಯಲ್ಲಿ ಅವನು ಕೈಹಾಕಿದ ಕಪಾಟಿಗೆ ಎಂಟು ವರ್ಷದಿಂದ ಬಾಗಿಲಿಲ್ಲ, ಆದರೂ ಹಾಗೇ ಹೇಳಿದ್ದಳು. ಇವತ್ತು ಇಷ್ಟು ಜನರೆದುರು ಅವಳ ಮಾತು ಬಿದ್ದು ಹೋಗುವುದರಲ್ಲಿತ್ತು.

"ಒಳಗೆ ಎರಡು ವೈರು ಅದಲು ಬದಲು ಮಾಡಿದ್ರೆ ಮುಗೀತು. ಮೇಲಿನ ಚಾವಣಿ ತೆಗಿ," ಅಂದ ಮೆಕ್ಯಾನಿಕ್.

"ಅದು ಬರಲ್ಲ. ಅಂಟು ಹಾಕಿದೀನಿ."

"ಎಷ್ಟು ಹಾಕಿದೀಯ?"

"ಇದ್ದಷ್ಟೂ."

"ನಾಳೆ ಬ್ಯಾಟರಿ ಮುಗಿದ್ರೆ ಏನಪ್ಪಾ ಗತಿ?"

"ಮುಗಿಯೋವರ್ಗೂ ಓಡತ್ತಲ್ಲ."

"ಒಂದ್ಸಲ ಓಡಿಸಿ ನೋಡೋದಲ್ವಾ ಮಾರಾಯ."

"ನೋಡ್ದೆ. ತಲೆಕೆಳಗೆ ಹಿಡ್ಕೊಂಡು ನೋಡ್ದೆ. ಚಕ್ರ ಜುಮ್ ಅಂತ ತಿರುಗ್ತು."

ಆರು ತಿಂಗಳಲ್ಲಿ ಅವನಾಡಿದ ಅಪ್ಪಟ ಸತ್ಯ ಅದೊಂದೇ. ನಲವತ್ತು ವರ್ಷ ಅವನು ಎಷ್ಟೋ ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಪೆಡಲು ತಿರುವಿ, ಚಕ್ರ ಸೊಟ್ಟ ಹೊಡೆಯುತ್ತದೋ ಇಲ್ಲವೋ ಎಂದಷ್ಟೇ ನೋಡಿದವನು. ಯಾವ ಕಡೆಗೆ ತಿರುಗುತ್ತದೆ ಎಂದು ಸೈಕಲ್ಲಿನವನು ಯಾಕೆ ನೋಡಬೇಕು? ಹಿಂದಕ್ಕೆ ತುಳಿದರೆ ಚೈನು ಸುಮ್ಮನೆ ಕಟಕಟ ಅನ್ನುತ್ತದೆಯೇ ಹೊರತು ಸೈಕಲ್ಲು ಹಿಂದಕ್ಕೆ ಹೋಗುವುದಿಲ್ಲ.

"ಹಂಗಾದ್ರೆ ತಿರುಗಿಸಿ ಇಡು. ಆವಾಗ ಅಕ್ಕನ ಕಡೆಗೇ ಹೋಗತ್ತೆ," ಅಂದ ಮೆಕ್ಯಾನಿಕ್.

"ಹೋಗತ್ತೆ, ಬೆನ್ನು ತೋರಿಸ್ಕೊಂಡು. ಡ್ರೈವರು ಈ ತುದೀಲಿ ನಿಂತಿದಾಳಲ್ಲ." ತಮ್ಮ ಬೆರಳು ತೋರಿಸಿದ. ಟ್ರಾಮಿನ ತೆರೆದ ಮುಂಗಟ್ಟೆಯ ಮೇಲೆ ಬೆರಳುದ್ದದ ಮರದ ಗೊಂಬೆ, ನೀಲಿ ಯೂನಿಫಾರಮ್ಮು, ತಲೆಗೆ ಅಕ್ಕನದೇ ತುರುಬು. ಅವನು ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ಚಾವಣಿಯ ಅಂಚಿಗೆ ಇಟ್ಟ. ಮೀಟಿದರೆ ಆರು ತಿಂಗಳ ಕೆಲಸ ಪುಡಿಯಾಗುತ್ತದೆಂದು ಕೈಗೇ ಗೊತ್ತಾಯಿತು. "ಅಕ್ಕ," ಅಂದ, ಕಥೆ ಹೇಳುವ ದನಿ ಎಲ್ಲೋ ಬಿದ್ದುಹೋಗಿತ್ತು, "ಇದೂ ನನ್ನ ಕೈಲಿ ಆಗ್ಲಿಲ್ಲ ಕಣೆ."

ಅಕ್ಕ ಎದ್ದು ಬಂದಳು. "ಅದನ್ನ ಜೇಬಿಗೆ ಹಾಕು ಮೊದ್ಲು. ಯಾವತ್ತಾದ್ರೂ ಸೈಕಲ್ ಬಿಟ್ಟು ನನ್ನ ಟ್ರಾಮ್ ಹತ್ತಿದ್ರೆ ನಿಂಗೆ ಗೊತ್ತಾಗಿರೋದು. ಕೊನೇ ಸ್ಟಾಪಲ್ಲಿ ಟ್ರಾಮನ್ನ ಯಾರಾದ್ರೂ ತಿರುಗಿಸ್ತಾರೇನೋ? ಡ್ರೈವರು ನಡ್ಕೊಂಡು ಆ ತುದಿಗೆ ಹೋಗ್ತಾಳೆ, ಅಷ್ಟೇ. ಇದಕ್ಕೆ ಬೆನ್ನೇ ಇಲ್ಲ ಕಣೋ ಪೆದ್ದ, ಎರಡೂ ಕಡೆ ಮುಖಾನೇ."

ತಮ್ಮ ಬಾಯಿ ಬಿಟ್ಟುಕೊಂಡು ಟ್ರಾಮನ್ನು ನೋಡಿದ. "ಅದಕ್ಕೇನಾ ಡಬ್ಬೀಲಿ ಎರಡು ಮೂತಿ ಇಟ್ಟಿದ್ದು? ಒಂದು ಸ್ಪೇರು ಅಂದ್ಕೊಂಡಿದ್ದೆ. ದಂಡ ಯಾಕೆ ಅಂತ ಹಿಂದ್ಗಡೆ ಅಂಟಿಸಿಬಿಟ್ಟೆ."

ಮೆಕ್ಯಾನಿಕ್ ನಕ್ಕ ನಗುವಿಗೆ ಲೋಟಗಳು ಅಲ್ಲಾಡಿದವು. ತಮ್ಮನ ಎದೆಯ ಮೇಲಿಂದ ಜನ ತುಂಬಿದ ನಿಜವಾದ ಟ್ರಾಮೊಂದು ಇಳಿದು ಹೋದಂತಾಯಿತು. ಅಕ್ಕ ಗೊಂಬೆಯ ಸೊಂಟ ಹಿಡಿದು ಲಟಕ್ಕನೆ ಕಿತ್ತಳು, ಟ್ರಾಮಿನ ಇನ್ನೊಂದು ತುದಿಯ ಕಟ್ಟೆಯ ಮೇಲೆ ಒರಗಿಸಿ ನಿಲ್ಲಿಸಿದಳು, ಟ್ರಾಮು ತಿರುಗಿಸಿ ಇಟ್ಟು ಹೋಗಿ ತನ್ನ ಜಾಗದಲ್ಲಿ ಕೂತಳು. ತಮ್ಮ ಸ್ವಿಚ್ಚು ಒತ್ತಿದ. ಟ್ರಾಮು ಗುರುಗುಡುತ್ತ ಮೇಜಿನುದ್ದಕ್ಕೂ ಓಡಿ ಅವಳ ಅಂಗೈಗೆ ಬಂದು ನಿಂತಿತು. ಅರ್ಧ ಉಳಿದಿದ್ದ ಚಪ್ಪಾಳೆಯೂ ಬಡ್ಡಿ ಸಮೇತ ಬಂತು.

ತಮ್ಮ ಬಗ್ಗಿ ನೋಡಿದ. ಗೊಂಬೆ ಮೊದಲು ನಿಂತಿದ್ದ ಕಡೆ ಎರಡು ಕಪ್ಪು ಬೂಟು, ಬೇಳೆಕಾಳಿನಷ್ಟು ದೊಡ್ಡವು, ಮರಕ್ಕೆ ಕಚ್ಚಿಕೊಂಡು ನಿಂತಿದ್ದವು. "ಅಂಟು ಜಾಸ್ತಿ ಆಯ್ತು ಕಣೆ, ಬೂಟು ಅಲ್ಲೇ ಉಳ್ಕೊಂಡ್ವು. ಕಿತ್ತು ಗೊಂಬೆ ಕಾಲಿಗೆ ಹಾಕಿಕೊಡ್ಲಾ?"

ಅಕ್ಕ ಆ ಬೂಟುಗಳನ್ನು ನೋಡಿದಳು. ಆಮೇಲೆ ಮೇಜಿನಡಿಯಲ್ಲಿ ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಒತ್ತಿ, ತನ್ನ ಕಾಲಿನ ಎರಡೂ ಬೂಟು ಕಳಚಿದಳು.

"ಇರ್ಲಿ ಬಿಡೋ," ಅಂದಳು, ಬೆರಳುಗಳನ್ನು ನೆಲದ ಮೇಲೆ ಅರಳಿಸುತ್ತ. "ಬರಿಗಾಲಲ್ಲೇ ಮನೆಗೆ ಬರ್ತಾಳೆ ಅವಳು."