ಹಿಂದೆ ಏನೂ ಇಲ್ಲ, ಬಾ

ಕಾರು ಮತ್ತೆ ಚೀರಿತು. ವತ್ಸಲಾ ಬ್ರೇಕ್ ತುಳಿದಳು. ಎಡಕ್ಕೆ ಕಾಂಪೌಂಡ್ ಗೋಡೆ, ಬಲಕ್ಕೆ ಸಂಪಿನ ಕಟ್ಟೆ, ನಡುವೆ ಉಸಿರಾಡುವಷ್ಟೇ ಜಾಗ.

"ನಿಲ್ಲಿಸ್ಬೇಡ ಕಣೇ," ಗಂಡ ಸಂಪತ್ ಡಿಕ್ಕಿ ತಟ್ಟಿದ. "ಹಿಂದೆ ಏನೂ ಇಲ್ಲ, ನಾನೇ ನಿಂತಿದೀನಲ್ಲ. ಬಾ, ಬಾ."

ಒಂದಿಷ್ಟು ಸರಿಸಿದಳು. ಕೂಗು ಜೋರಾಯಿತು. ಮತ್ತೆ ಬ್ರೇಕ್.

ಹಿಂದಿನ ಬಂಪರಿಗೆ ಸಂಪತ್ ಹೋದ ತಿಂಗಳಷ್ಟೇ ಸೆನ್ಸಾರ್ ಹಾಕಿಸಿದ್ದ. ರಿವರ್ಸ್ ಹೋಗುವಾಗ ಏನಾದರೂ ಅಡ್ಡ ಬಂದರೆ ಕೂಗುವ ಕಪ್ಪು ಗುಂಡಿಗಳು. ಜೊತೆಗೊಂದು ಷರತ್ತನ್ನೂ ಹಾಕಿದ್ದ: ಅದು ಕೂಗದ ಹಾಗೆ ಗೇಟು ದಾಟಿಸು, ಆಮೇಲೆ ಕೆಲಸಕ್ಕೆ ಹೋಗು.

ಕೆಲಸ ಜ್ಞಾನಭಾರತಿಯ ಹತ್ತಿರದ ಶಿಶುವಿಹಾರದಲ್ಲಿ. ಸೋಮವಾರ ಸೇರಬೇಕು. ಬಸವೇಶ್ವರನಗರದಿಂದ ಬಸ್ಸು ಹಿಡಿದು ಹೋದರೆ ಮಗಳು ಕುಸುಮಾಳ ಶಾಲೆ ಬಿಡುವ ಹೊತ್ತಿಗೆ ವಾಪಸು ಬರಲಾಗದು. ಸಂಪತ್ ಹೋಗುವುದು ಕಂಪನಿ ಬಸ್ಸಿನಲ್ಲಿ. ಕಾರು ವಾರವಿಡೀ ಮನೆಯಲ್ಲೇ ಇರುತ್ತದೆ, ಅವಳ ಹಾಗೆ.

ಇವತ್ತು ಶನಿವಾರ. ಲಗ್ಗೆರೆಯಲ್ಲಿ ಕಾರ್ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ರುದ್ರೇಶನನ್ನು ಅವಳೇ ಫೋನ್ ಮಾಡಿ ಕರೆಸಿದ್ದಳು. ಅವನು ಬಂಪರ್ ಒರೆಸಿದ, ವೈರು ಎಳೆದು ನೋಡಿದ. ಒಂದೊಂದು ಗುಂಡಿಗೂ ಅಂಗೈ ಹಿಡಿದ, ಕೂಗಿತು. ಕೈ ತೆಗೆದ, ಸುಮ್ಮನಾಯಿತು. ಅನುಮಾನ ಬಂದ ಒಂದನ್ನು ಬದಲಾಯಿಸಿಯೂ ಆಯಿತು.

"ಈಗ ನೀವೊಂದ್ಸಲ ತೆಗೀರಿ, ನೋಡೋಣ," ಎಂದು ಸಂಪತ್ ಅವನ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತ. ರುದ್ರೇಶ ಕಾರನ್ನು ಬೀದಿಯವರೆಗೂ ಬಿಟ್ಟು, ತಂದು ನಿಲ್ಲಿಸಿದ. ಸೆನ್ಸಾರ್ ಪಿಟ್ಟೆನ್ನಲಿಲ್ಲ.

"ನನ್ನ ಕೈಯಾಗ ಸುಮ್ಮ ಇರ್ತೈತಿ, ಅಕ್ಕಾರು ಕುಂತ್ರ ಕೂಗ್ತೈತಿ," ರುದ್ರೇಶ ತಲೆ ಕೆರೆದುಕೊಂಡ. "ದೆವ್ವ ಹೊಕ್ಕೈತೇನ್ರಿ ಇದ್ರಾಗ?"

"ರಿಪೇರಿ ಆಗ್ಬೇಕಾಗಿರೋದು ಸೆನ್ಸಾರ್ ಅಲ್ಲಪ್ಪ, ಡ್ರೈವರ್," ಸಂಪತ್ ನಕ್ಕ. ವತ್ಸಲಾಳೂ ನಕ್ಕಳು. ಅದು ಅಭ್ಯಾಸವಾಗಿತ್ತು.

ಒಲೆಯ ಮೇಲೆ ಹಾಲಿಟ್ಟು ಬಂದಿದ್ದು ನೆನಪಾಯಿತು. ಆದರೂ ಕೊನೆಯದೊಂದು ಸಲ ಎಂದು ಕೂತಳು. ಸಂಪತ್ ಹಿಂದೆ ಹೋಗಿ ತನ್ನ ಜಾಗದಲ್ಲಿ ನಿಂತ. ರಿವರ್ಸ್ ಗೇರ್ ಬೀಳುತ್ತಿದ್ದಂತೆ ಮತ್ತದೇ ಚೀರಾಟ.

"ಸಾಕು ಬಿಡೇ," ಅವನ ದನಿ ಮೆತ್ತಗಾಯಿತು. "ಬೀದೀಲಿ ಮಕ್ಕಳು ಆಡ್ತಿರ್ತಾರೆ. ನಾಳೆ ಏನಾದ್ರೂ ಆದ್ರೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಎಷ್ಟು ಅಕ್ಕರೆಯಿಂದ ಹೇಳಿದನೆಂದರೆ ಅವಳ ಕೈ ತಾನಾಗಿ ಕೀಯತ್ತ ಹೋಯಿತು.

ಕುಸುಮಾ ಬಾಗಿಲಿಗೆ ಬಂದಳು. "ಅಪ್ಪಾ, ಹಾಲು ಉಕ್ತಾ ಇದೆ."

ಸಂಪತ್ ಒಳಗೆ ಓಡಿದ.

ಕಾರು ಸುಮ್ಮನಾಯಿತು.

ವತ್ಸಲಾ ಕೀ ತಿರುಗಿಸದೆ ಕೈ ಹಿಂದಕ್ಕೆ ತೆಗೆದುಕೊಂಡಳು. ಗೇರ್ ರಿವರ್ಸಿನಲ್ಲೇ ಇತ್ತು. ಮೆಲ್ಲಗೆ ಕ್ಲಚ್ ಬಿಟ್ಟಳು. ಸಂಪಿನ ಕಟ್ಟೆ ಸರಿಯಿತು. ಗೋಡೆ ಸರಿಯಿತು. ಗೇಟಿನ ಕಂಬಗಳು ಕಿಟಕಿಯ ಪಕ್ಕಕ್ಕೆ ಬಂದವು. ಸದ್ದಿಲ್ಲ. ಅರ್ಧ ಕಾರು ಬೀದಿಯಲ್ಲಿತ್ತು.

ಸಂಪತ್ ಮಸಿಬಟ್ಟೆ ಹಿಡಿದುಕೊಂಡೇ ಹೊರಗೆ ಬಂದ. ಕಾರು ಎಲ್ಲಿದೆ ಎಂದು ನೋಡಿದ. ಗೋಡೆಗೆ ಮೈ ಉಜ್ಜಿಕೊಂಡು ನುಸುಳಿ, ಅವಸರವಾಗಿ ಹಿಂದೆ ಹೋಗಿ ನಿಂತು ಕೈ ಎತ್ತಿದ. "ಬಾ, ಬಾ."

ಕಾರು ಚೀರಿತು.

ರುದ್ರೇಶ ಬಂಪರ್ ನೋಡಿದ, ಸಂಪತ್‌ನ ಮೊಣಕಾಲು ನೋಡಿದ, ಸ್ಕ್ರೂಡ್ರೈವರ್ ಜೇಬಿಗಿಟ್ಟ. ವತ್ಸಲಾ ಕನ್ನಡಿ ನೋಡಿದಳು. ಹಿಂದೆ ಗೋಡೆಯಿರಲಿಲ್ಲ, ಕಂಬವಿರಲಿಲ್ಲ. ಇದ್ದದ್ದು ಒಬ್ಬನೇ, ಕೈಬೀಸಿ ಕರೆಯುತ್ತಿದ್ದವನು. ಅವಳು ಕಿಟಕಿಯ ಗಾಜು ಇಳಿಸಿದಳು.

"ರೀ, ಸ್ವಲ್ಪ ದಾರಿ ಬಿಡಿ."