ಹದಿನಾರನೆಯ ಅಂಕಿ

"ಇಬ್ರಿಗೂ ಏಳು ಪಾಯಿಂಟ್ ಮೂರು ಅಂಕ ಅಂದ್ರು ಡಾಕ್ಟ್ರು. ಮತ್ಯಾಕೆ ಮೇಡಮ್ ನನ್ ಮಗಳು ಎರಡನೆಯವಳು?"

ಲಿವರ್‌ಗಾಗಿ ಕಾದಿರುವ ಮಕ್ಕಳ ಸರದಿ ಪಟ್ಟಿ ಮಾಡುವ ಕಚೇರಿಗೆ ಆ ತಾಯಿ ಓಡಿ ಬಂದಿದ್ದಳು. ಅಂದು ಸಂಜೆ ಒಂದು ಲಿವರ್ ಬರುವುದಿತ್ತು. ಇನ್ನೊಂದಕ್ಕೆ ಕಾಯುವಷ್ಟು ದಿನ ಪಟ್ಟಿಯ ಮೊದಲ ಇಬ್ಬರು ಮಕ್ಕಳಿಗೂ ಉಳಿದಿರಲಿಲ್ಲ.

ಪಟ್ಟಿಯ ಪ್ರೋಗ್ರಾಮ್ ಬರೆದಿದ್ದ ಇಂಜಿನಿಯರ್ ಪರದೆಯನ್ನು ಅವಳತ್ತ ತಿರುಗಿಸಿದಳು. "ಕಂಪ್ಯೂಟರ್ ಒಳಗಡೆ ಆ ಅಂಕ ಇನ್ನೂ ಉದ್ದ ಇರುತ್ತೆ, ಅದರ ಹದಿನಾರನೇ ಅಂಕೀಲಿ ಮೊದಲನೇ ಮಗು ಒಂದು ಕೂದಲೆಳೆ ಮುಂದಿದೆ."

"ಅದಕ್ಕೆ ಕಾಯಿಲೆ ಜಾಸ್ತೀನಾ?"

"ಇಲ್ಲಮ್ಮ. ಲೆಕ್ಕ ಬೇಗ ಆಗ್ಲಿ ಅಂತ, ಪ್ರೋಗ್ರಾಮನ್ನ ಯಂತ್ರದ ಭಾಷೆಗೆ ತಿರುಗಿಸೋ ಕಂಪೈಲರ್‌ನಲ್ಲಿ ನಾನೇ ಒಂದು ಸೆಟ್ಟಿಂಗ್ ಹಾಕಿದ್ದೆ. ಅದು ದಶಮಾಂಶಗಳನ್ನ ಕೂಡೋ ಕ್ರಮಾನೇ ಬದಲಾಯಿಸುತ್ತೆ. ಕ್ರಮ ಬದಲಾದ್ರೆ ಯಂತ್ರ ತುದಿ ಅಂಕಿ ಕತ್ತರಿಸೋದೂ ಬದಲಾಗಿ, ಕೊನೇಲಿ ಇಷ್ಟು ಧೂಳು ಉಳಿಯುತ್ತೆ."

"ಧೂಳಾದ್ರೆ ಒರೆಸಿ, ಮೇಡಮ್."

"ಒರೆಸಿದ್ರೆ ಇಬ್ರೂ ಸಮ. ಆಗ ಮೊದಲು ಹೆಸರು ಬರೆಸಿದೋರಿಗೆ ಸಿಗುತ್ತೆ."

"ನಾವು ಯುಗಾದಿ ಮಾರನೇ ದಿನಾನೇ ಬರೆಸಿದ್ವಿ. ಅವ್ರು?"

ಇಂಜಿನಿಯರ್ ಪಟ್ಟಿಯನ್ನು ನೋಡಲಿಲ್ಲ. "ನಿಮಗಿಂತ ಎಂಟು ದಿನ ಆದ್ಮೇಲೆ," ಎಂದಳು.

ಅವಳು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಆ ಸೆಟ್ಟಿಂಗ್ ತೆಗೆದು, ಮೇಲಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆದು, ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ಮೊದಲೆರಡು ಹೆಸರುಗಳು ಅದಲುಬದಲಾದವು.

ತಾಯಿ ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ ಹೊಟ್ಟೆ ತಣ್ಣಗಿರ್ಲಿ, ತಾಯಿ."

ಅವಳು ಬಾಗಿಲು ದಾಟಿದ ಮೇಲೆ ಇಂಜಿನಿಯರ್ ಆಸ್ಪತ್ರೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು.

"ರೀ, ಇವತ್ತು ನಮ್ಮ ಪುಟ್ಟಿಗೆ ಆಪರೇಷನ್ ಇಲ್ಲ. ಬೆಳಗ್ಗಿಂದ ಹಸ್ಕೊಂಡಿದ್ದಾಳೆ, ಸ್ವಲ್ಪ ಗಂಜಿ ಕುಡಿಸಿ."