ಒಂಬತ್ತು ಚೆಂಡುಗಳನ್ನು ಮುಟ್ಟುವವರು

ಇಪ್ಪತ್ನಾಲ್ಕು ಗಂಟೆ ಮನುಷ್ಯರ ಕೈ ಸೋಕದ ವಸ್ತು ಮಾಯವಾಗುತ್ತದೆ. ಹಾಗಾಗಿ ಮೈಸೂರಿನ ಮನೆಗಳಲ್ಲಿ ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಪಾತ್ರೆ, ಪುಸ್ತಕ, ಕೊಡೆಗಳನ್ನೆಲ್ಲ ಒಮ್ಮೆ ಮುಟ್ಟಿ ಬರುತ್ತಾರೆ. ಹೆಚ್ಚಿನವರು ಸಾಮಾನು ಕಡಿಮೆ ಇಟ್ಟುಕೊಳ್ಳುತ್ತಾರೆ. ಪರಶಿವಮೂರ್ತಿ ಮಾತ್ರ ಒಂಬತ್ತು ಬೌಲಿಂಗ್ ಚೆಂಡುಗಳನ್ನು ಸಾಕಿಕೊಂಡಿದ್ದರು; ತೂತಿಗೆ ಬೆರಳು ತೂರಿಸಿ ನೆಲದ ಮೇಲೆ ಉರುಳಿಸಿ, ಆಚೆ ತುದಿಯಲ್ಲಿ ನಿಂತ ಹತ್ತು ಪಿನ್ನುಗಳನ್ನು ಬೀಳಿಸುವ ಭಾರದ ಚೆಂಡುಗಳು. ಎಣ್ಣೆ ಬಳಿದ ನೆಲಕ್ಕೊಂದು, ಒಣ ನೆಲಕ್ಕೊಂದು, ಮೂಲೆಯಲ್ಲಿ ಉಳಿದ ಒಂಟಿ ಪಿನ್ನಿಗೊಂದು, ಹೀಗೆ.

"ಉರುಳಿಸೋ ಕೈ ಒಂದು. ಚೆಂಡು ಎಷ್ಟು ಬೇಕ್ರೀ ನಿಮಗೆ?" ಎಂದು ಹೆಂಡತಿ ಗಿರಿಜಾಂಬ ಆಗಾಗ ಕೇಳುತ್ತಿದ್ದರು.

"ಹತ್ತು" ಎನ್ನುತ್ತಿದ್ದರು ಅವರು.

ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಅವರು ಎರಡು ದಿನ ಆಸ್ಪತ್ರೆ ಸೇರಬೇಕಾಯಿತು. ಬೆಳಗ್ಗೆ ಹತ್ತಕ್ಕೆ ಹೊರಡುವಾಗ ಒಂಬತ್ತನ್ನೂ ಮುಟ್ಟಿ, "ನಾಳೆ ಹತ್ತು ಗಂಟೆಯೊಳಗೆ ನೀನು ಮುಟ್ಟಿಬಿಡೇ" ಎಂದರು.

"ನನಗೆ ಪಾತ್ರೆನೇ ನಲವತ್ತಿವೆ. ಪುರುಸೊತ್ತಾದ್ರೆ ನೋಡ್ತೀನಿ."

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಪರಶಿವಮೂರ್ತಿ ಹಾಸಿಗೆಯಿಂದಲೇ ಫೋನ್ ಮಾಡಿದರು.

"ಮುಟ್ಟಿದ್ಯಾ?"

"ಎಂಟು ಮುಟ್ಟಿಟ್ಟೆ."

"ಅಯ್ಯೋ, ಇನ್ನೊಂದು?"

"ಹಸಿರುದು ಕೈಲೇ ಇದೆ. ಅದರ ತೂತಿಗೆ ನನ್ನ ಬೆರಳು ಅಳತೆ ತೆಗೆದ ಹಾಗೆ ಕೂತ್ಕೊಳ್ತು. ತಾಳಿ, ಒಂದು ನಿಮಿಷ."

ಏನೋ ಹಜಾರದುದ್ದ ಉರುಳಿದ ಸದ್ದು ಕೇಳಿತು. ಹಿಂದೆಯೇ ಖಾಲಿ ಡಬ್ಬಗಳು ದಡದಡ ಬಿದ್ದವು.

"ಹತ್ತರಲ್ಲಿ ಏಳು!" ಗಿರಿಜಾಂಬ ಏದುಸಿರು ಬಿಡುತ್ತಿದ್ದರು. "ರೀ, ನಿಮಗೆ ಎಂಟು ಸಾಕು."